ಶನಿವಾರದ ಕೂಲಿ ಯಾರು ಕೊಡಬೇಕು? ರಗ್ಬಿ, ಗಣಿ ಊರು ಮತ್ತು ಕ್ಲಬ್ಬುಗಳ ಕತೆ

ಕಾರ್ಡಿಫ್‌ನಲ್ಲಿ ಎಂಎ ಓದುತ್ತಿದ್ದಾಗ ನಾನಿದ್ದದ್ದು ಕಾರ್ಡಿಫ್‌ನಲ್ಲಲ್ಲ. ಅಲ್ಲಿನ ಬಾಡಿಗೆ ನನ್ನ ಕೈಗೆ ಎಟುಕುವಂತಿರಲಿಲ್ಲ. ರೈಲಿನಲ್ಲಿ ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಸಿಗುವ ಕಣಿವೆಯ ಊರೊಂದರಲ್ಲಿ ರೂಮು ಹಿಡಿದಿದ್ದೆ. ವಾರಾಂತ್ಯಕ್ಕೆ ಅಲ್ಲಿನ ರಗ್ಬಿ ಕ್ಲಬ್ಬಿನ ಬಾರ್‌ನಲ್ಲಿ ಲೋಟ ತೊಳೆಯುವ ಕೆಲಸ ಸಿಕ್ಕಿತು. ರಗ್ಬಿ ಅಂದರೆ ಆಗ ನನಗೆ ಗೊತ್ತಿದ್ದದ್ದು ಮೊಟ್ಟೆಯಾಕಾರದ ಚೆಂಡು, ಕೆಸರು, ದಾಂಡಿಗರು, ಅಷ್ಟೇ.

ಮೊದಲ ಶನಿವಾರವೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಪಂದ್ಯ ಇದ್ದದ್ದು ಮಧ್ಯಾಹ್ನ ಎರಡೂವರೆಗೆ. ಎರಡನೇ ತಂಡದ ಮ್ಯಾನೇಜರು, ಅರವತ್ತು ದಾಟಿದ ಮನುಷ್ಯ, ಹನ್ನೊಂದಕ್ಕೇ ಬಂದು ಕೌಂಟರಿನ ಮೇಲೆ ಫೋನಿಟ್ಟುಕೊಂಡು ಒಬ್ಬೊಬ್ಬರಿಗೇ ಕರೆ ಮಾಡ್ತಾ ಕೂತಿದ್ದರು. ಒಬ್ಬ ಹುಡುಗನಿಗೆ ಗೋದಾಮಿನಲ್ಲಿ ಶಿಫ್ಟು ಬಿದ್ದಿತ್ತು, ಮೆಸೇಜು ಬಂದದ್ದು ಅವತ್ತು ಬೆಳಿಗ್ಗೆ. ಇನ್ನೊಬ್ಬನಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಡ್ಯೂಟಿ. ಮೂರನೆಯವನು ಬರಬಹುದಿತ್ತು, ಆದರೆ ಇವತ್ತಿನ ಶಿಫ್ಟು ಬೇಡ ಅಂದರೆ ಮುಂದಿನ ವಾರ ಕೆಲಸ ಕೊಡ್ತಾರೋ ಇಲ್ಲವೋ ಅನ್ನುವ ಭಯ. ಹದಿನೈದು ಜನ ಬೇಕಾದಲ್ಲಿ ಹನ್ನೆರಡಾಯ್ತು. ಪಂದ್ಯ ರದ್ದು. ಎದುರು ತಂಡದವರಿಗೆಂದು ಮಾಡಿಟ್ಟಿದ್ದ ಊಟ ನಮ್ಮ ಪಾಲಾಯಿತು.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಜ್ಜ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಊರು ಹೇಗಾಯಿತು ಅಂತ ನೋಡಿದ್ದೇನೆ: ಕತ್ತಲಿರುವಾಗಲೇ ಬೆಂಗಳೂರಿನ ರೈಲು ಹಿಡಿಯುವ ಜನ, ರಾತ್ರಿ ಮನೆ ಸೇರುವ ಜನ, ಸಂಜೆ ಐದಕ್ಕೆ ಖಾಲಿ ಇರುವ ಮೈದಾನ. ಹಾಗಾಗಿ ವೇಲ್ಸ್‌ನ ಆ ಕಣಿವೆಯಲ್ಲಿ ನನಗೆ ಪರದೇಶ ಅನ್ನಿಸಿದ್ದು ಚಳಿ ಮಾತ್ರ. ಅಲ್ಲಿಯೂ ಊರ ಬೆನ್ನಿಗೆ ಗಣಿ ತ್ಯಾಜ್ಯದ ಗುಡ್ಡ, ನಮ್ಮ ಸಯನೈಡ್ ದಿಬ್ಬದ ಹಾಗೆ. ಅಲ್ಲಿಯೂ ಬೆಳಗಿನ ರೈಲು ತುಂಬಿ ಹೋಗ್ತದೆ, ಊರು ಖಾಲಿಯಾಗ್ತದೆ. ಒಂದೇ ವ್ಯತ್ಯಾಸ ಅಂದರೆ ಕ್ಲಬ್ಬು. ಗಣಿ ಹೋಗಿ ಒಂದು ತಲೆಮಾರು ಕಳೆದರೂ ಅದು ಇನ್ನೂ ಬಾಗಿಲು ತೆರೆದಿತ್ತು. ಯಾಕೆ ತೆರೆದಿದೆ, ಇನ್ನೆಷ್ಟು ದಿನ ತೆರೆದಿರುತ್ತದೆ ಅನ್ನೋದನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಆ ಫೋನ್ ಕರೆಗಳ ಹಿಂದೆ 130 ವರ್ಷದ ಜಗಳವೊಂದು ಸಿಗುತ್ತದೆ.

ಮೊದಲು ಆಟ

ರಗ್ಬಿ ಯೂನಿಯನ್ನಿನಲ್ಲಿ ತಂಡಕ್ಕೆ 15 ಜನ. ಚೆಂಡು ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಇಡೀ ತಂಡ ಮುಂದೆ ಸಾಗಬೇಕು, ಚೆಂಡು ಮಾತ್ರ ಹಿಂದಕ್ಕೆ ಹೋಗಬೇಕು. ಈ ವಿಚಿತ್ರವೇ ಆಟದ ಜೀವ. ಚೆಂಡು ಹಿಡಿದವನನ್ನು ಅಪ್ಪಿ ಕೆಡವಬಹುದು. ಕಬಡ್ಡಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಈಗ 5 ಅಂಕ. ಶುರುವಿನಲ್ಲಿ ಇದಕ್ಕೆ ಅಂಕವೇ ಇರಲಿಲ್ಲ. ಗೆರೆ ದಾಟಿದರೆ ಗೋಲಿಗೆ ಒದೆಯಲು ಒಂದು ‘ಪ್ರಯತ್ನ’ ಸಿಗುತ್ತಿತ್ತು, ಹೆಸರು ಬಂದದ್ದು ಹಾಗೆ.

ಹದಿನೈದರಲ್ಲಿ ಎಂಟು ಜನ ಮುಂದಿನ ಸಾಲಿನವರು, ಗಟ್ಟಿ ಆಳುಗಳು. ಎರಡೂ ಕಡೆಯ ಎಂಟೆಂಟು ಜನ ತಲೆ ಬಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ಒಬ್ಬರನ್ನೊಬ್ಬರು ತಳ್ಳುವುದು ‘ಸ್ಕ್ರಮ್’. ಇದರ ಮುಂದಿನ ಮೂವರಿಗೆ ತರಬೇತಿ ಇರಲೇಬೇಕು, ಇಲ್ಲದಿದ್ದರೆ ಕತ್ತು ಮುರಿಯುವ ಅಪಾಯ. ಅಂಥವರು ಸಿಗದಿದ್ದರೆ ತಳ್ಳುವಂತಿಲ್ಲದ, ಬರೀ ಶಾಸ್ತ್ರಕ್ಕೆ ನಿಲ್ಲುವ ಸ್ಕ್ರಮ್ ಮಾಡಿಸುತ್ತಾರೆ. ನಾನಿದ್ದ ವರ್ಷ ಇಂಥ ಸ್ಕ್ರಮ್ಮುಗಳನ್ನು ಎಷ್ಟು ನೋಡಿದೆನೋ ಲೆಕ್ಕವಿಲ್ಲ. ಊರಲ್ಲಿ ಭಾರದ ಕೆಲಸ ಮಾಡುವ ಗಂಡಸರು ಕಡಿಮೆಯಾದ ಗುರುತು ಅದು ಅಂತ ಹಳಬರು ಗೊಣಗುತ್ತಿದ್ದರು.

1823ರಲ್ಲಿ ರಗ್ಬಿ ಶಾಲೆಯ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ ಫುಟ್‌ಬಾಲ್ ಆಡುವಾಗ ಚೆಂಡು ಎತ್ತಿಕೊಂಡು ಓಡಿದ, ಆಟ ಹುಟ್ಟಿತು ಅನ್ನುವ ಕತೆ ನೀವೂ ಕೇಳಿರಬಹುದು. ಪುರಾವೆ ಏನೂ ಇಲ್ಲ. ಆದರೂ ವಿಶ್ವಕಪ್ಪಿಗೆ ಅವನದೇ ಹೆಸರು. ದುಬಾರಿ ಶಾಲೆಯ ಹುಡುಗನೇ ಆಟದ ಜನಕ ಅಂತ ಹೇಳಿಕೊಳ್ಳುವುದರಲ್ಲಿ ಯಾರಿಗೆ ಲಾಭ ಅನ್ನೋದು ಮುಂದಿನ ಭಾಗ ಓದಿದರೆ ಗೊತ್ತಾಗುತ್ತದೆ.

ಆರು ಶಿಲ್ಲಿಂಗ್ ಜಗಳ

1871ರ ಜನವರಿ 26ರಂದು ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ 21 ಕ್ಲಬ್ಬುಗಳು ಸೇರಿ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದವು. ಶ್ರೀಮಂತ ಶಾಲೆಗಳಲ್ಲಿ ಓದಿದವರ, ವಕೀಲರ, ವ್ಯಾಪಾರಿಗಳ ಕೂಟ ಅದು. ಆದರೆ ಆಟ ಅವರ ಕೈಯಲ್ಲೇ ಉಳಿಯಲಿಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿ ಊರು, ಗಣಿ ಊರುಗಳಿಗೆ ಹೋಯಿತು. ಗಿರಣಿ ಕಾರ್ಮಿಕರಿಗೆ ಶನಿವಾರ ಮಧ್ಯಾಹ್ನ ರಜೆ ಸಿಗುವ ಕಾನೂನು ಬಂದಿತ್ತು, ಆ ಅರ್ಧ ದಿನವನ್ನು ರಗ್ಬಿ ತುಂಬಿತು. ಸಾವಿರಾರು ಜನ ದುಡ್ಡು ಕೊಟ್ಟು ನೋಡಲು ಬಂದರು. ಆಟದಲ್ಲೂ ಉತ್ತರದವರದೇ ಮೇಲುಗೈ: 1889ರಲ್ಲಿ ಶುರುವಾದ ಕೌಂಟಿ ಚಾಂಪಿಯನ್‌ಶಿಪ್ಪಿನ ಮೊದಲ ಎಂಟು ವರ್ಷಗಳಲ್ಲಿ ಏಳು ಸಲ ಗೆದ್ದದ್ದು ಯಾರ್ಕ್‌ಷೈರ್.

ತೊಡಕು ಇಲ್ಲಿತ್ತು. ದೂರದ ಊರಿಗೆ ಆಡಲು ಹೋಗಬೇಕಾದರೆ ಕಾರ್ಮಿಕ ಬೆಳಗಿನ ಪಾಳಿ ಬಿಡಬೇಕು. ಪಾಳಿ ಬಿಟ್ಟರೆ ಕೂಲಿ ಇಲ್ಲ. ಮೈದಾನದಲ್ಲಿ ಕಾಲು ಮುರಿದರೆ ವಾರಗಟ್ಟಲೆ ಕೂಲಿ ಇಲ್ಲ. ವಕೀಲನಿಗೆ ಈ ಸಮಸ್ಯೆ ಇರಲಿಲ್ಲ. ಹಾಗಾಗಿ ಉತ್ತರದ ಕ್ಲಬ್ಬುಗಳು ಕೇಳಿದ್ದು ಸಂಬಳವನ್ನಲ್ಲ, ಕಳೆದುಕೊಂಡ ಹೊತ್ತಿನ ಕೂಲಿಯನ್ನು ಮಾತ್ರ. 1893ರಲ್ಲಿ ಯೂನಿಯನ್ನಿನ ಮಹಾಸಭೆಯ ಮುಂದೆ ಈ ಬೇಡಿಕೆ ಬಂತು, 282ಕ್ಕೆ 136 ಮತಗಳಿಂದ ಬಿದ್ದುಹೋಯಿತು. ಆಟ ಆಡುವುದು ಆನಂದಕ್ಕೆ, ದುಡ್ಡಿಗಲ್ಲ ಎನ್ನುವುದು ಗೆದ್ದವರ ವಾದ. ಕೇಳಲು ಚಂದವಾಗಿಯೇ ಇದೆ. ಮನೆಯಲ್ಲಿ ಶನಿವಾರದ ಕೂಲಿ ಇಲ್ಲದೆಯೂ ಒಲೆ ಉರಿಯುವವರು ಮಾತ್ರ ಈ ಆನಂದಕ್ಕೆ ಅರ್ಹರು ಅನ್ನುವುದು ಅದರ ನಿಜವಾದ ಅರ್ಥ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಹೊರನಡೆಯುವ ತೀರ್ಮಾನ ಮಾಡಿದವು. ದಿನಕ್ಕೆ ಗರಿಷ್ಠ ಆರು ಶಿಲ್ಲಿಂಗ್ ನಷ್ಟಭರ್ತಿ ಎಂದು ನಿಗದಿ ಮಾಡಿದವು. ಇವರ ಆಟ ಮುಂದೆ ತನ್ನದೇ ನಿಯಮ ಮಾಡಿಕೊಂಡಿತು. 1906ರಲ್ಲಿ ತಂಡಕ್ಕೆ 13 ಜನ ಎಂದಾಯಿತು, 1922ರಲ್ಲಿ ‘ರಗ್ಬಿ ಲೀಗ್’ ಎಂಬ ಹೆಸರು ಬಂತು. ಒಂದು ಆಟ ಎರಡಾಗಿ ಒಡೆದದ್ದು ಚೆಂಡಿನ ವಿಷಯಕ್ಕಲ್ಲ, ಕೂಲಿಯ ವಿಷಯಕ್ಕೆ. ಕ್ರೀಡೆಯಲ್ಲಿ ರಾಜಕೀಯ ತರಬೇಡಿ ಅಂತ ಯಾರಾದರೂ ಹೇಳಿದಾಗ ನನಗೆ ಜಾರ್ಜ್ ಹೋಟೆಲ್ ನೆನಪಾಗುತ್ತದೆ.

ಇನ್ನು ಯೂನಿಯನ್ನಿನವರ ಸಿಟ್ಟು ನೋಡಿ. ಲೀಗ್ ಆಡಿದವನಿಗೆ ಯೂನಿಯನ್ನಿನಲ್ಲಿ ಜೀವಮಾನದ ಬಹಿಷ್ಕಾರ. ಆಡುವುದಿರಲಿ, ಹಳೆಯ ಕ್ಲಬ್ಬಿನೊಳಗೆ ಕಾಲಿಡಲೂ ಅನೇಕರಿಗೆ ಆಗುತ್ತಿರಲಿಲ್ಲ. ನಮಗೆ ಈ ವ್ಯವಸ್ಥೆ ಅರ್ಥವಾಗಲು ಕಷ್ಟವೇನಿಲ್ಲ.

ವೇಲ್ಸ್ ನಡುದಾರಿ

ವೇಲ್ಸ್ ಕೂಡ ಗಣಿ ನಾಡು. 1913ರಲ್ಲಿ ಸೌತ್ ವೇಲ್ಸ್ ಗಣಿಗಳು ತೆಗೆದ ಕಲ್ಲಿದ್ದಲು ಸುಮಾರು 5.7 ಕೋಟಿ ಟನ್. ಅದೇ ವರ್ಷ ಅಕ್ಟೋಬರ್ 14ರಂದು ಸೆಂಘೆನಿತ್ ಗಣಿಯ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಇಂಥ ಊರುಗಳಲ್ಲಿ ಮೂರು ಸಂಸ್ಥೆಗಳಿದ್ದವು: ಚಾಪೆಲ್, ಕಾರ್ಮಿಕ ಸಂಘ, ರಗ್ಬಿ ಕ್ಲಬ್ಬು. ಮೂರೂ ಒಂದನ್ನೊಂದು ಅನುಮಾನದಿಂದಲೇ ನೋಡುತ್ತಿದ್ದವು. 1904–05ರ ಧಾರ್ಮಿಕ ಪುನರುತ್ಥಾನದ ಹೊತ್ತಿಗೆ ರಗ್ಬಿ ಪಾಪ ಎಂದು ಕೆಲವು ಕ್ಲಬ್ಬುಗಳು ಆಟವನ್ನೇ ನಿಲ್ಲಿಸಿದ್ದವು. ಅದಾಗಿ ವರ್ಷ ಕಳೆಯುವುದರೊಳಗೆ, 1905ರ ಡಿಸೆಂಬರ್ 16ರಂದು, ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ ವೇಲ್ಸ್ ನ್ಯೂಜಿಲೆಂಡನ್ನು 3–0ರಿಂದ ಸೋಲಿಸಿತು. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತದ್ದು ಅದೊಂದೇ ಪಂದ್ಯ. ನ್ಯೂಜಿಲೆಂಡಿಗರ ಹಾಕಾ ನೃತ್ಯಕ್ಕೆ ಉತ್ತರವಾಗಿ ಅವತ್ತು ಜನ ವೇಲ್ಸ್ ಭಾಷೆಯ ರಾಷ್ಟ್ರಗೀತೆ ಹಾಡಿದರು. ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಹಾಡುವ ಪದ್ಧತಿ ಶುರುವಾದದ್ದೇ ಅಲ್ಲಿಂದ ಅಂತ ವೇಲ್ಸ್‌ನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇಷ್ಟೆಲ್ಲ ಕಾರ್ಮಿಕರಿದ್ದೂ ವೇಲ್ಸ್ ಯಾಕೆ ಒಡೆಯಲಿಲ್ಲ? ಉತ್ತರ ಸರಳ: ಕಣ್ಣು ಮುಚ್ಚಿಕೊಂಡಿತು. 1890ರ ದಶಕದ ತಾರೆ, ನ್ಯೂಪೋರ್ಟಿನ ಆರ್ಥರ್ ಗೌಲ್ಡ್‌ಗೆ ಅಭಿಮಾನಿಗಳು ಚಂದಾ ಎತ್ತಿ ಮನೆ ಕೊಡಿಸಿದರು. ಇದು ಸಂಬಳವೇ ಅಂತ ಇತರ ದೇಶಗಳ ಸಂಘಗಳು ತಕರಾರು ತೆಗೆದಾಗ ವೇಲ್ಸ್ ಸಂಘ 1897ರಲ್ಲಿ ಅಂತರರಾಷ್ಟ್ರೀಯ ಮಂಡಳಿಯಿಂದಲೇ ಹೊರಬಂತು, ಮರುವರ್ಷ ವಾಪಸ್ ಸೇರಿಕೊಂಡಿತು. ಪಂದ್ಯ ಮುಗಿದ ಮೇಲೆ ಆಟಗಾರನ ಬೂಟಿನೊಳಗೆ ನೋಟು ಸಿಗುತ್ತಿತ್ತು, ಯಾರಿಟ್ಟರು ಅಂತ ಯಾರೂ ಕೇಳುತ್ತಿರಲಿಲ್ಲ. ಇನ್ನು ಕೆಲವರಿಗೆ ಊರಲ್ಲೇ ಒಳ್ಳೆಯ ಕೆಲಸ ಕೊಡಿಸುತ್ತಿದ್ದರು. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಗುಟ್ಟಾಗಿ ಕೊಡುವ ಹಣದ ತೊಂದರೆ ಏನೆಂದರೆ ಅದು ಹಕ್ಕಾಗುವುದಿಲ್ಲ, ಉಪಕಾರವಾಗಿಯೇ ಉಳಿಯುತ್ತದೆ. ಅಧಿಕಾರಿಗಳಿಗೆ ಬೇಡವಾದವನನ್ನು ಅದೇ ನೋಟು ತೋರಿಸಿ ಹೊರಹಾಕಬಹುದು. ಹಾಗೆ ಆಗಿಯೂ ಇದೆ.

ಗೋಡೆಯ ಮೇಲೆ ಯಾರಿದ್ದಾರೆ, ಯಾರಿಲ್ಲ

ನಾನು ಕೆಲಸ ಮಾಡಿದ ಕ್ಲಬ್ಬಿನ ಗೋಡೆ ತುಂಬ ಫೋಟೊಗಳು, ಗಾಜಿನ ಪೆಟ್ಟಿಗೆಯಲ್ಲಿ ಟೋಪಿಗಳು. ದೇಶಕ್ಕೆ ಆಡಿದವರಿಗೆ ಟೋಪಿ ಕೊಡುತ್ತಾರೆ, ಅದನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳದೆ ಕ್ಲಬ್ಬಿಗೆ ಕೊಡುವುದು ವಾಡಿಕೆ. ಹೊಸಬರು ಬಂದರೆ ಯಾರಾದರೂ ಹಿರಿಯರು ಗೋಡೆಯ ಪಕ್ಕ ನಿಲ್ಲಿಸಿ ಒಂದೊಂದೇ ಹೆಸರು ಹೇಳುತ್ತಾರೆ. ನನಗೂ ಆ ಪಾಠ ಆಯಿತು, ಕೈಯಲ್ಲಿ ಒದ್ದೆ ಲೋಟ ಹಿಡಿದುಕೊಂಡೇ.

1970ರ ದಶಕ ವೇಲ್ಸ್ ರಗ್ಬಿಯ ಸುವರ್ಣ ಕಾಲ. ಆಗಿನ ಎರಡು ದೊಡ್ಡ ಹೆಸರುಗಳಾದ ಗ್ಯಾರೆತ್ ಎಡ್ವರ್ಡ್ಸ್ ಮತ್ತು ಬ್ಯಾರಿ ಜಾನ್ ಇಬ್ಬರೂ ಗಣಿ ಕಾರ್ಮಿಕರ ಮಕ್ಕಳು. ಬ್ಯಾರಿ ಜಾನ್‌ನ ಊರಾದ ಕೆವ್ನೈತಿನ್‌ನವನೇ ಆದ ಮತ್ತೊಬ್ಬ ಗಣಿ ಕಾರ್ಮಿಕನ ಮಗ ಕಾರ್ವಿನ್ ಜೇಮ್ಸ್. 1971ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಸರಣಿ ಗೆದ್ದು ಬಂದ ಲಯನ್ಸ್ ತಂಡದ ಕೋಚ್ ಈತ. ಮರುವರ್ಷ ಅಕ್ಟೋಬರ್ 31ರಂದು ಲ್ಯಾನೆಲ್ಲಿ ಎಂಬ ಒಂದು ಊರಿನ ಕ್ಲಬ್ಬು ಇವನದೇ ಗರಡಿಯಲ್ಲಿ ಪಳಗಿ ನ್ಯೂಜಿಲೆಂಡನ್ನು 9–3ರಿಂದ ಸೋಲಿಸಿತು. ಒಂದು ರಾಷ್ಟ್ರದ ತಂಡವನ್ನು ಒಂದು ಊರು ಸೋಲಿಸಿದ್ದು! ಆ ಊರಿನಲ್ಲಿ ಈಗಲೂ ಆ ಪಂದ್ಯದ ಮಾತು ಬಂದರೆ ಉಳಿದ ಮಾತು ನಿಲ್ಲುತ್ತದೆ.

ನನಗೆ ಕಾರ್ವಿನ್ ಹಿಡಿಸುವುದು ಇನ್ನೊಂದು ಕಾರಣಕ್ಕೆ. 1969–70ರ ಚಳಿಗಾಲದಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾ ತಂಡ ಬ್ರಿಟನ್ ಪ್ರವಾಸಕ್ಕೆ ಬಂತು. ಹೋದಲ್ಲೆಲ್ಲ ಪ್ರತಿಭಟನೆ. ಲ್ಯಾನೆಲ್ಲಿಯ ಪಂದ್ಯದ ದಿನ ಕಾರ್ವಿನ್ ತನ್ನ ಹುಡುಗರಿಗೆ ಹೇಳಬೇಕಾದ್ದು ಹೇಳಿ, ಆಟ ನೋಡಲು ಹೊರಗೆ ಬರದೆ ಡ್ರೆಸ್ಸಿಂಗ್ ರೂಮಿನಲ್ಲೇ ಕೂತ. ವೇಲ್ಸ್ ತಂಡದ ಜಾನ್ ಟೇಲರ್ ದಕ್ಷಿಣ ಆಫ್ರಿಕಾ ವಿರುದ್ಧ ಆಡುವುದಿಲ್ಲ ಎಂದೇ ಹೇಳಿದ. (ಕೆಜಿಎಫ್ ಗಣಿ ನಡೆಸಿದ ಬ್ರಿಟಿಷ್ ಕಂಪನಿಯ ಹೆಸರೂ ಜಾನ್ ಟೇಲರ್ ಅಂಡ್ ಸನ್ಸ್. ಒಂದೇ ಹೆಸರಿನಲ್ಲಿ ಎಂತೆಂಥವರು!) ಹಾಗಂತ ವೇಲ್ಸ್ ರಗ್ಬಿ ಪೂರ್ತಿ ಪ್ರಗತಿಪರವಾಗಿತ್ತು ಅಂದುಕೊಳ್ಳಬೇಡಿ. ಇವರಿಬ್ಬರು ನೆನಪಿರುವುದೇ ಉಳಿದವರು ಸುಮ್ಮನೆ ಆಡಿದ್ದಕ್ಕೆ.

ಈಗ ಗೋಡೆಯ ಮೇಲೆ ಇಲ್ಲದವರ ವಿಷಯ. ಬಿಲ್ಲಿ ಬೋಸ್ಟನ್, 1934ರಲ್ಲಿ ಕಾರ್ಡಿಫ್ ಬಂದರಿನ ಟೈಗರ್ ಬೇ ಬೀದಿಗಳಲ್ಲಿ ಹುಟ್ಟಿದವನು. ತಂದೆ ಸಿಯೆರಾ ಲಿಯೋನ್‌ನಿಂದ ಬಂದವರು. ಕಾರ್ಡಿಫ್ ಪರ, ವೇಲ್ಸ್ ಪರ ಆಡುವ ಕನಸಿದ್ದ ಹುಡುಗ. ಆ ಬಾಗಿಲು ಕಪ್ಪು ಹುಡುಗನಿಗೆ ತೆರೆಯಲಿಲ್ಲ. 1953ರಲ್ಲಿ ಉತ್ತರ ಇಂಗ್ಲೆಂಡಿನ ವಿಗನ್ ಲೀಗ್ ಕ್ಲಬ್ಬು ಅವನನ್ನು ಕರೆದುಕೊಂಡಿತು. ಅಲ್ಲಿ ಅವನು ಗಳಿಸಿದ ಟ್ರೈಗಳು 478. ಕಾರ್ಡಿಫ್‌ನದೇ ಕ್ಲೈವ್ ಸುಲಿವನ್ ಗ್ರೇಟ್ ಬ್ರಿಟನ್ ಲೀಗ್ ತಂಡದ ನಾಯಕನಾಗಿ 1972ರ ವಿಶ್ವಕಪ್ ಗೆದ್ದ. ಯಾವುದೇ ಕ್ರೀಡೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ತಂಡಕ್ಕೆ ಮೊದಲ ಕಪ್ಪು ನಾಯಕ. ವೇಲ್ಸ್ ಯೂನಿಯನ್ ತಂಡದಲ್ಲಿ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಕಾರ್ಡಿಫ್ ಬೇಯಲ್ಲಿ ಬೋಸ್ಟನ್, ಸುಲಿವನ್ ಮತ್ತು ಗಸ್ ರಿಸ್ಮನ್ ಮೂವರ ಪ್ರತಿಮೆ ನಿಂತದ್ದು 2023ರಲ್ಲಿ. ಬೋಸ್ಟನ್‌ಗೆ 2025ರಲ್ಲಿ ‘ಸರ್’ ಪದವಿ ಸಿಕ್ಕಿತು, ಲೀಗ್ ಆಟಗಾರನೊಬ್ಬನಿಗೆ ಮೊದಲ ಸಲ. ಅವನಿಗಾಗ 90 ದಾಟಿತ್ತು.

ಕೂಲಿಗೆ ಆಡಿದವನು ಕೀಳು ಎನ್ನುವ ನಿಯಮ, ಬಣ್ಣದ ಕಾರಣಕ್ಕೆ ಮುಚ್ಚಿದ ಬಾಗಿಲು ಎರಡೂ ಸೇರಿ ಇವರನ್ನು ಗೋಡೆಯಿಂದ ದೂರವಿಟ್ಟವು.

1995: ಹಣ ಬಂತು, ಕ್ಲಬ್ಬಿಗಲ್ಲ

1984ರ ಮಾರ್ಚಿನಿಂದ 85ರ ಮಾರ್ಚಿನ ತನಕ ಗಣಿ ಕಾರ್ಮಿಕರ ಮುಷ್ಕರ, ಅದರ ಸೋಲು, ಗಣಿಗಳ ಮುಚ್ಚುವಿಕೆ. ರೊಂಡ ಕಣಿವೆಯ ಕೊನೆಯ ಗಣಿಯಾದ ಮೈರ್ಡಿ 1990ರ ಡಿಸೆಂಬರಿನಲ್ಲಿ ಮುಚ್ಚಿತು. ಟವರ್ ಎಂಬ ಒಂದು ಗಣಿಯನ್ನು ಮಾತ್ರ 239 ಕಾರ್ಮಿಕರು ತಲಾ 8,000 ಪೌಂಡ್ ಪರಿಹಾರದ ಹಣ ಹಾಕಿ 1995ರಲ್ಲಿ ತಾವೇ ಕೊಂಡು 2008ರವರೆಗೆ ನಡೆಸಿದರು. ಅದೊಂದು ಪ್ರತ್ಯೇಕ ಲೇಖನಕ್ಕೆ ಆಗುವಷ್ಟು ದೊಡ್ಡ ಕತೆ.

ಅದೇ 1995ರ ಆಗಸ್ಟ್ ಕೊನೆಯಲ್ಲಿ, ಜಾರ್ಜ್ ಹೋಟೆಲ್ ಸಭೆಗೆ ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಅಂತರರಾಷ್ಟ್ರೀಯ ಮಂಡಳಿ ಪ್ಯಾರಿಸ್‌ನಲ್ಲಿ ಸೇರಿ ಯೂನಿಯನ್ ಆಟಗಾರರಿಗೂ ಹಣ ಕೊಡಬಹುದು ಎಂದಿತು. ಕಾರ್ಮಿಕನ ಕೂಲಿ ಕೇಳಿದಾಗ ನೂರು ವರ್ಷ ಕಿವುಡಾಗಿದ್ದ ಸಂಸ್ಥೆಗೆ ಟೀವಿ ಕಂಪನಿಗಳ ದುಡ್ಡಿನ ಸದ್ದು ಕೂಡಲೇ ಕೇಳಿಸಿತು. 1989ರಲ್ಲಿ ಲೀಗಿಗೆ ಹೋಗಿ ಬಹಿಷ್ಕೃತನಾಗಿದ್ದ ವೇಲ್ಸ್ ನಾಯಕ ಜೊನಾಥನ್ ಡೇವಿಸ್ ಅದೇ ವರ್ಷ ಕಾರ್ಡಿಫ್ ಕ್ಲಬ್ಬಿಗೆ ವಾಪಸ್ ಬಂದ.

ಹಣ ಬಂದರೆ ಊರ ಕ್ಲಬ್ಬು ಬೆಳೆಯಬೇಕಿತ್ತಲ್ಲ? ಆದದ್ದು ಉಲ್ಟಾ. ವೃತ್ತಿಪರ ತಂಡ ಸಾಕುವುದು ಸಣ್ಣ ಊರಿಗೆ ಆಗದ ಮಾತು. ಸಾಲ ಏರಿತು. 2003ರಲ್ಲಿ ವೇಲ್ಸ್ ರಗ್ಬಿ ಸಂಘ ಹಳೆಯ ಕ್ಲಬ್ಬುಗಳನ್ನು ಬದಿಗಿಟ್ಟು ಐದು ‘ಪ್ರಾದೇಶಿಕ’ ತಂಡಗಳನ್ನು ಮಾಡಿತು. ಪಾಂಟಿಪ್ರಿಡ್ ಮತ್ತು ಬ್ರಿಜೆಂಡ್ ಎಂಬ ಬದ್ಧ ಎದುರಾಳಿಗಳನ್ನು ಸೇರಿಸಿ ‘ಸೆಲ್ಟಿಕ್ ವಾರಿಯರ್ಸ್’ ಎಂದು ಹೆಸರಿಟ್ಟಿತು. ಕಣಿವೆಗಳಿಗೆ ಸಿಕ್ಕ ತಂಡ ಇದೊಂದೇ. ಒಂದೇ ವರ್ಷ, 2004ರಲ್ಲಿ ಅದನ್ನೂ ಮುಚ್ಚಲಾಯಿತು. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಮೊದಲ ಬಾರಿಗೆ 1,000 ಅಂಕ ದಾಟಿದ ನೀಲ್ ಜೆಂಕಿನ್ಸ್‌ನನ್ನು ಬೆಳೆಸಿದ ಪಾಂಟಿಪ್ರಿಡ್ ಈಗ ಅರೆವೃತ್ತಿಪರ ಲೀಗಿನಲ್ಲಿ ಆಡುತ್ತಿದೆ.

ಸಂಘದ ವಾದವನ್ನೂ ಹೇಳಬೇಕು. 30 ಲಕ್ಷ ಚಿಲ್ಲರೆ ಜನಸಂಖ್ಯೆಯ ದೇಶ ಡಜನ್‌ಗಟ್ಟಲೆ ವೃತ್ತಿಪರ ಕ್ಲಬ್ಬುಗಳನ್ನು ಸಾಕಲಾರದು, ಶಕ್ತಿಯನ್ನು ಒಂದೆಡೆ ಸೇರಿಸದಿದ್ದರೆ ಐರ್ಲೆಂಡಿನ ಎದುರು ನಿಲ್ಲಲಾಗದು. ತಪ್ಪಲ್ಲ. 2005, 2008, 2012, 2019ರಲ್ಲಿ ವೇಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಾಗ ಈ ವಾದಕ್ಕೆ ಬಲವೂ ಬಂತು. ಆದರೆ ಮೇಲೆ ಹೂವು ಬಿಟ್ಟಾಗ ಬೇರಿಗೆ ನೀರು ಹೋಗುತ್ತಿದೆಯಾ ಅಂತ ಯಾರೂ ನೋಡಲಿಲ್ಲ. 2023ರ ಫೆಬ್ರವರಿಯಲ್ಲಿ ಕರಾರಿನ ತಕರಾರಿಗೆ ವೇಲ್ಸ್ ಆಟಗಾರರು ಇಂಗ್ಲೆಂಡ್ ಪಂದ್ಯ ಆಡುವುದಿಲ್ಲ, ಮುಷ್ಕರ ಹೂಡುತ್ತೇವೆ ಎಂದರು. ಗಣಿ ಕಾರ್ಮಿಕರ ಮೊಮ್ಮಕ್ಕಳ ಬಾಯಲ್ಲಿ ಮತ್ತೆ ಅದೇ ಪದ. ಅದೇ ವರ್ಷದ ಅಕ್ಟೋಬರಿನಿಂದ 2025ರ ಜುಲೈ ತನಕ ವೇಲ್ಸ್ ಸತತ 18 ಟೆಸ್ಟ್ ಸೋತಿತು. 2025ರ ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡ ದಿವಾಳಿಯಾಗಿ ಸಂಘವೇ ಕೈಗೆತ್ತಿಕೊಳ್ಳಬೇಕಾಯಿತು. ಅಕ್ಟೋಬರಿನಲ್ಲಿ, ಉಳಿದಿರುವ ನಾಲ್ಕು ತಂಡಗಳನ್ನು ಮೂರಕ್ಕೆ ಇಳಿಸುವುದಾಗಿ ಸಂಘ ಪ್ರಕಟಿಸಿತು.

ಕ್ಲಬ್ಬು ನಡೆಯುವುದು ಹೇಗೆ

ಟೀವಿಯಲ್ಲಿ ಕಾಣದ ಕೆಳಗಿನ ಲೋಕದಲ್ಲಿ ಸುಮಾರು 300 ಕ್ಲಬ್ಬುಗಳಿವೆ. ಇವುಗಳ ಅರ್ಥಶಾಸ್ತ್ರ ಬಾರ್ ಕೌಂಟರಿನ ಹಿಂದೆ ನಿಂತರೆ ಚೆನ್ನಾಗಿ ಕಾಣುತ್ತದೆ. ಟಿಕೆಟ್ಟಿನಿಂದ ಬರುವುದು ಏನೇನೂ ಅಲ್ಲ. ಸಂಘದಿಂದ ಅಷ್ಟಿಷ್ಟು ಅನುದಾನ. ಉಳಿದದ್ದು ಬಿಯರು, ಮಾಂಸದ ಲಾಟರಿ (ಚೀಟಿ ಎತ್ತಿದವರಿಗೆ ವಾರಕ್ಕಾಗುವಷ್ಟು ಮಾಂಸ), ಮದುವೆ ಪಾರ್ಟಿ, ಸಾವಿನ ಮನೆಯವರ ಚಹಾ ಕೂಟಕ್ಕೆ ಹಾಲ್ ಬಾಡಿಗೆ, ಮೈದಾನದ ಬೇಲಿಗೆ ಕಟ್ಟಿದ ಪ್ಲಂಬರನ, ಶವಸಂಸ್ಕಾರ ಅಂಗಡಿಯವನ ಜಾಹೀರಾತು. ಜರ್ಸಿ ಒಗೆಯುವುದು, ಗೆರೆ ಹಾಕುವುದು, ಎಲ್ಲಾ ಬಿಟ್ಟಿ ಚಾಕರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುತ್ತಿದ್ದದ್ದು ಹೆಂಗಸರು.

ಯುವಕರು ಮೊದಲಿನಷ್ಟು ಕುಡಿಯುವುದಿಲ್ಲ. ಅದು ಒಳ್ಳೆಯ ಸುದ್ದಿಯೇ. ಆದರೆ ಬಾರ್ ಮೇಲೆ ನಿಂತ ಕ್ಲಬ್ಬಿಗೆ ಅದೇ ಕೆಟ್ಟ ಸುದ್ದಿ. ಇದೂ ಹೊಸದೇನಲ್ಲ. 1873ರಲ್ಲಿ ಕಲ್ಕತ್ತಾದ ಬ್ರಿಟಿಷರು ಒಂದು ರಗ್ಬಿ ಕ್ಲಬ್ಬು ಕಟ್ಟಿದ್ದರು. ಬಿಟ್ಟಿ ಬಾರ್ ನಿಲ್ಲಿಸಿದ ಮೇಲೆ ಸದಸ್ಯರು ಕರಗಿಹೋದರು ಅಂತ ಹೇಳುತ್ತಾರೆ. 1878ರಲ್ಲಿ ಕ್ಲಬ್ಬು ಮುಚ್ಚಿ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಬಡಿದಾಡುವುದು ಆ ಕಲ್ಕತ್ತಾ ಕಪ್ಪಿಗೇ.

ಮತ್ತೆ ಶನಿವಾರಕ್ಕೆ ಬರೋಣ. ಗಣಿಯಲ್ಲಿ ಪಾಳಿ ಕ್ರೂರವಾಗಿತ್ತು, ಆದರೆ ಮುಂಚೆಯೇ ಗೊತ್ತಿರುತ್ತಿತ್ತು. ಒಂದೇ ಪಾಳಿಯವರು ಒಟ್ಟಿಗೆ ಕೆಳಗಿಳಿಯುತ್ತಿದ್ದರು, ಒಟ್ಟಿಗೆ ಆಡುತ್ತಿದ್ದರು, ಯಾರಿಗಾದರೂ ಪಂದ್ಯವಿದ್ದರೆ ಅವನ ಪಾಳಿಯನ್ನು ಜೊತೆಯವನು ಮಾಡುತ್ತಿದ್ದ. ಈಗಿನ ಕಂಪನಿಗಳು ಗಂಟೆ ಖಾತ್ರಿ ಇಲ್ಲದ ಕರಾರಿನ ಮೇಲೆ ಕೆಲಸ ಕೊಡುತ್ತವೆ. ಶಿಫ್ಟು ಯಾವಾಗ ಅಂತ ಹೇಳುವುದು ಫೋನಿನಲ್ಲಿರುವ ಆಪ್. ಅದರ ಜೊತೆ ಮಾತಾಡಿ ಶನಿವಾರ ಬಿಡಿಸಿಕೊಳ್ಳಲು ಆಗುವುದಿಲ್ಲ. 1893ರಲ್ಲಿ ಮತಕ್ಕೆ ಹಾಕಿ ತಳ್ಳಿದ ಪ್ರಶ್ನೆ ಈಗ ಯಾವ ಸಭೆಯ ಮುಂದೆಯೂ ಬರುವುದಿಲ್ಲ.

ಮೈಗೆ ಆಗುವ ಪೆಟ್ಟಿನ ಲೆಕ್ಕವೂ ಬದಲಾಗಿದೆ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ಆ ಗೆಲುವೇ ನೆನಪಿಲ್ಲ ಎಂದು 2020ರಲ್ಲಿ ಹೇಳಿಕೊಂಡ. ವೇಲ್ಸ್‌ನ ಅಲಿಕ್ಸ್ ಪೋಪಂ, ಮಾಜಿ ನಾಯಕ ರಯಾನ್ ಜೋನ್ಸ್ ಇಬ್ಬರೂ ನಲವತ್ತರ ಆಸುಪಾಸಿನಲ್ಲೇ ಮರೆವಿನ ಕಾಯಿಲೆಗೆ ಸಿಕ್ಕಿದ್ದಾರೆ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟೇ ಕಾರಣ ಎಂದು ನೂರಾರು ಮಾಜಿ ಆಟಗಾರರು ಮೊಕದ್ದಮೆ ಹೂಡಿದ್ದಾರೆ. ಮಗನನ್ನು ಮೈದಾನಕ್ಕೆ ಬಿಡುವ ಮೊದಲು ತಾಯಂದಿರು ಯೋಚಿಸುತ್ತಾರೆ, ಯೋಚಿಸಬೇಕು ಕೂಡ. ಹಿಂದೆ ಸಿಲಿಕೋಸಿಸ್, ಈಗ ಇದು ಅಂತ ನನಗೆ ಅನ್ನಿಸಿದ್ದಿದೆ.

ಶುಕ್ರವಾರ ಸಂಜೆಯ ಹುಡುಗಿಯರು

ನಾನಿದ್ದ ವರ್ಷ ಕ್ಲಬ್ಬಿನಲ್ಲಿ ಸಂಖ್ಯೆ ಏರುತ್ತಿದ್ದ ಗುಂಪು ಒಂದೇ, ಹುಡುಗಿಯರದು. ಅಕ್ಕಪಕ್ಕದ ನಾಲ್ಕಾರು ಊರಿನ ಹುಡುಗಿಯರು ಶುಕ್ರವಾರ ಸಂಜೆ ಬಂದು ಅಭ್ಯಾಸ ಮಾಡುತ್ತಿದ್ದರು. ಅವರಿಗೆ ಬಟ್ಟೆ ಬದಲಿಸಲು ಬೇರೆ ಕೋಣೆ ಇರಲಿಲ್ಲ, ಉಗ್ರಾಣ ಖಾಲಿ ಮಾಡಿ ಕೊಟ್ಟಿದ್ದರು.

ಹೆಂಗಸರ ರಗ್ಬಿ ವೇಲ್ಸ್‌ಗೆ ಹೊಸದಲ್ಲ. ಮೊದಲ ಮಹಾಯುದ್ಧದ ನಡುವೆ, 1917ರ ಡಿಸೆಂಬರಿನಲ್ಲಿ, ಕಾರ್ಡಿಫ್ ಮತ್ತು ನ್ಯೂಪೋರ್ಟಿನ ಮಹಿಳೆಯರು ಆರ್ಮ್ಸ್ ಪಾರ್ಕಿನಲ್ಲೇ ಆಡಿದ್ದರು. ಯುದ್ಧ ಮುಗಿಯಿತು, ಅವರನ್ನು ಮನೆಗೆ ಕಳಿಸಿದರು. ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ನಡೆದದ್ದೂ ವೇಲ್ಸ್‌ನಲ್ಲೇ. ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನ ನಾಲ್ವರು ಮಹಿಳೆಯರು ತಾವೇ ಓಡಾಡಿ ಸಂಘಟಿಸಿದ್ದರು. ಅಂತರರಾಷ್ಟ್ರೀಯ ಮಂಡಳಿ ಮಾನ್ಯತೆ ಕೊಟ್ಟಿರಲಿಲ್ಲ. ದುಡ್ಡಿಲ್ಲದೆ ಬಂದ ಸೋವಿಯತ್ ತಂಡ ಖರ್ಚಿಗಾಗಿ ವೋಡ್ಕಾ ಮಾರಿತ್ತು. 2025ರ ಸೆಪ್ಟೆಂಬರ್ 27ಕ್ಕೆ ಲಂಡನ್ನಿನಲ್ಲಿ ನಡೆದ ಫೈನಲ್ ನೋಡಲು ಬಂದವರು 81,885 ಜನ.

ಆದರೆ ಆಡಳಿತದ ಕೋಣೆ ಅಷ್ಟು ಬೇಗ ಬದಲಾಗಲಿಲ್ಲ. ವೇಲ್ಸ್ ಸಂಘ ಮಹಿಳಾ ಆಟಗಾರ್ತಿಯರಿಗೆ ಮೊದಲ ಪೂರ್ಣಾವಧಿ ಕರಾರು ಕೊಟ್ಟದ್ದು 2022ರಲ್ಲಿ, 12 ಜನರಿಗೆ. 2023ರ ಜನವರಿಯಲ್ಲಿ ಸಂಘದೊಳಗಿನ ಲಿಂಗ ತಾರತಮ್ಯದ ಬಗ್ಗೆ ಬಿಬಿಸಿ ಕಾರ್ಯಕ್ರಮ ಬಂದು ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಇಲ್ಲಿ ನನಗೆ ಕಿರಿಕಿರಿ ಆಗುವ ಸಂಗತಿಯೊಂದಿದೆ. ಈ ಸಂಘದ ಮಾಲೀಕರು ಕ್ಲಬ್ಬುಗಳೇ, ಮತ ಅವರದೇ. ಸ್ವತಂತ್ರ ನಿರ್ದೇಶಕರನ್ನು ಹೆಚ್ಚಿಸುವ ಸುಧಾರಣೆಯನ್ನು 2022ರಲ್ಲಿ ತಡೆದದ್ದೂ ಕ್ಲಬ್ಬುಗಳ ಮತವೇ. ಬಿಬಿಸಿ ಕಾರ್ಯಕ್ರಮದ ನಂತರ 2023ರ ಮಾರ್ಚಿನಲ್ಲಷ್ಟೇ ಅದು ಪಾಸಾಯಿತು. ಕೆಳಗಿನಿಂದ ಬಂದ ಪ್ರಜಾಪ್ರಭುತ್ವ ತಾನಾಗಿಯೇ ನ್ಯಾಯದ ಪರ ಇರುತ್ತದೆ ಅನ್ನುವ ನಂಬಿಕೆ ನಮ್ಮಂಥವರಿಗೆ ಇಷ್ಟ. ಕ್ಲಬ್ಬಿನ ಸಮಿತಿ ಸಭೆಗಳಲ್ಲಿ ಚಹಾ ಹಂಚಿದ ಮೇಲೆ ನನ್ನ ನಂಬಿಕೆ ಸ್ವಲ್ಪ ತೆಳುವಾಯಿತು. ಉಗ್ರಾಣದ ಬದಲು ನಿಜವಾದ ಕೋಣೆ ಕಟ್ಟಿಸಬೇಕು ಅನ್ನುವ ವಿಷಯ ಮೂರು ಸಭೆ ಮುಂದಕ್ಕೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಬೆಂಗಳೂರಿನ ತಂಡ

2025ರ ಜೂನಿನಲ್ಲಿ ನಮ್ಮ ದೇಶದಲ್ಲೂ ರಗ್ಬಿ ಪ್ರೀಮಿಯರ್ ಲೀಗ್ ಬಂತು. ಏಳೇಳು ಜನರ ಚುಟುಕು ರಗ್ಬಿ, ಆರು ತಂಡ, ಅದರಲ್ಲೊಂದು ಬೆಂಗಳೂರು ಬ್ರೇವ್‌ಹಾರ್ಟ್ಸ್. ಪಂದ್ಯಗಳೆಲ್ಲ ಮುಂಬೈನಲ್ಲಿ. ಬೆಂಗಳೂರಿನ ಹೆಸರಿನ ತಂಡ ಮೊದಲ ವರ್ಷ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡಲಿಲ್ಲ. ವೇಲ್ಸ್‌ನಲ್ಲಿ ಊರ ಕ್ಲಬ್ಬು ಇದ್ದು, ಆಮೇಲೆ ಅದರ ತಲೆ ಮೇಲೆ ಪ್ರಾದೇಶಿಕ ತಂಡ ಬಂತು. ನಮ್ಮಲ್ಲಿ ತಂಡ ಮೊದಲು, ಊರು ಆಮೇಲೆ. ಹಾಗಂತ ಆಟಗಾರರನ್ನು ದೂರಲಾರೆ. ಆಡಿದ್ದಕ್ಕೆ ದುಡ್ಡು ಸಿಗಬೇಕು, ಈ ಲೇಖನ ಇಲ್ಲಿಯ ತನಕ ಹೇಳಿದ್ದೇ ಅದು. ಭಾರತದಲ್ಲಿ ಈ ಆಟವನ್ನು ಎತ್ತಿ ಹಿಡಿದವರಲ್ಲಿ ಒಡಿಶಾದ ಆದಿವಾಸಿ ಹುಡುಗ ಹುಡುಗಿಯರು ಮುಖ್ಯರು. ಅವರಿಗೆ ಇದು ಶೋಕಿಯ ಆಟವಲ್ಲ.

ಕೆಜಿಎಫ್‌ಗೆ ಹೋದಾಗಲೆಲ್ಲ ನಾನೊಂದು ಲೆಕ್ಕ ಹಾಕುತ್ತೇನೆ. ಗಣಿ ಇದ್ದಾಗ ಇಲ್ಲಿ ಫುಟ್‌ಬಾಲ್ ಇತ್ತು, ಹಾಕಿ ಇತ್ತು. ಎಲ್ಲಾ ಕಂಪನಿಯ ಮೈದಾನ, ಕಂಪನಿಯ ಕ್ವಾರ್ಟರ್ಸು. ಕಂಪನಿ ಹೋದಾಗ ಅದೂ ಹೋಯಿತು. ಕಣಿವೆಯ ಕ್ಲಬ್ಬು ಉಳಿದದ್ದು ಕಟ್ಟಡ ಸದಸ್ಯರ ಹೆಸರಿನಲ್ಲಿ ಇದ್ದದ್ದರಿಂದ. ಬಾರ್ ಪರವಾನಗಿ ಅವರದು, ಸಾಲವೂ ಅವರದೇ.

ಎರಡನೇ ತಂಡದ ಮ್ಯಾನೇಜರು ಆಗೀಗ ಮೆಸೇಜು ಮಾಡುತ್ತಾರೆ. ಈ ಸೀಸನ್ನಿನಿಂದ ಅವರ ಎರಡನೇ ತಂಡ, ಪಕ್ಕದ ಕಣಿವೆಯ ಎರಡನೇ ತಂಡ ಸೇರಿ ಒಂದೇ ಆಗಿದೆಯಂತೆ. ನೂರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದವರು ಈಗ ಒಂದೇ ಜರ್ಸಿ ಹಾಕಿಕೊಂಡು ಆಡುತ್ತಾರೆ. ಉಗ್ರಾಣ ಇನ್ನೂ ಉಗ್ರಾಣವೇ, ಆದರೆ ಶವರ್ ಒಂದು ಹಾಕಿಸಿದ್ದಾರೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕೂತು ಫೋನ್ ಮಾಡುವುದು ನಿಂತಿಲ್ಲ. ಈಗ ಎರಡು ಊರಿನ ಹುಡುಗರಿಗೆ ಮಾಡಬೇಕು.